ತೀರಾ ಚೆನ್ನಾಗಿ ಪಾಸಾದ ವ್ಯಾನು

ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅಥಣಿಯ ಒಂದು ಎಮಿಷನ್ ಟೆಸ್ಟಿಂಗ್ ಸೆಂಟರಿನಲ್ಲಿ ನಾನು ಆಪರೇಟರ್; ಊರವರ ಬಾಯಲ್ಲಿ ‘ಬಾಯಾರು’, ಅಂದರೆ ಮೇಡಂ. ವಾಹನದ ಹೊಗೆಕೊಳವೆಗೆ ಪ್ರೋಬ್ ತೂರಿಸಿ ಕಾರ್ಬನ್ ಮೊನಾಕ್ಸೈಡ್ ಅಳೆಯುವುದು ಕೆಲಸ. ಪೆಟ್ರೋಲ್ ಪೂರ್ತಿ ಉರಿಯದಿದ್ದಾಗ ಹುಟ್ಟುವ ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾನ್ವೆಂಟಿನ ಸಿಸ್ಟರ್ಸ್ ಕಲಿಸಿದಂತೆ ನನ್ನ ರಿಜಿಸ್ಟರ್ ಮಾತ್ರ ಪರ್ಫೆಕ್ಟ್.

ಥಂಡಿಯ ಒಂದು ಬೆಳಿಗ್ಗೆ ನಮ್ಮ ಓಣಿಯ ಬಾಬುರಾವ್ ಹಳೆಯ ಪೆಟ್ರೋಲ್ ವ್ಯಾನ್ ತಂದರು. ಹೆಂಡತಿ ಸುಮನ್‌ಗೆ ಹಾರ್ಟ್ ತೊಂದರೆ. ಹದಿನೈದು ದಿನಕ್ಕೊಮ್ಮೆ ಮಿರಜಿನ ಡಾಕ್ಟರ್ ಬಳಿ ಕರೆದೊಯ್ಯುತ್ತಿದ್ದರು. ಹಿಂದಿನ ಸೀಟಿನಲ್ಲಿ ಆಕೆ ಕಂಬಳಿ ಹೊದ್ದು ಕುಳಿತಿದ್ದಳು.

“ಬಾಯಾರ, ಈ ಗಾಡ್ಯಾಗ ಕುಂತ್ರ ಸಾಕು, ತಲಿ ಸಿಡೀತೈತ್ರಿ,” ಎಂದಳು.

“ನಿನ್ನ ಗಂಡನ ಎಲಿ-ತಂಬಾಕಿನ ವಾಸನಿಗೇ ಇರಬೇಕು!” ಎಂದು ನಕ್ಕೆ.

ಬಾಬುರಾವ್ ಹೊರಗೆ ಉಗುಳಿದರು. “ಉಗಳಾಕಂತ ನನ್ನ ಕಿಡಕಿ ಸದಾ ತೆಗದಿರ್ತೈತ್ರಿ. ಈಕಿನ ಥಂಡಿ ಅಂತ ಎಲ್ಲಾ ಮುಚ್ಚಿ ಕುಂದರ್ತಾಳ.”

ಪರದೆಯಲ್ಲಿ ಮೊನಾಕ್ಸೈಡ್ ಶೇಕಡಾ 0.2 ಬಂತು, ಮಿತಿಗಿಂತ ಎಷ್ಟೋ ಕಡಿಮೆ. ಅಷ್ಟು ಹಳೆಯ ಗಾಡಿಗೆ! “ಎಕ್ಸಲೆಂಟ್!” ಎಂದು ಸರ್ಟಿಫಿಕೇಟ್ ಕೊಟ್ಟೆ. ಕಾರ್ಬನ್ ಡೈಆಕ್ಸೈಡ್ ಕೂಡ ಇರಬೇಕಾದುದರ ಅರ್ಧದಷ್ಟೇ ಇತ್ತು. ನೋಡಿದೆ, ಯೋಚಿಸಲಿಲ್ಲ.

ಹನ್ನೆರಡನೆಯ ದಿನ ಮಿರಜಿಗೆ ಹೊರಟಾಗ ಕಾಗವಾಡದವರೆಗೆ ಸುಮನ್ ಮಾತಾಡುತ್ತಿದ್ದಳಂತೆ. ಆಮೇಲೆ ನಿದ್ದೆ ಹತ್ತಿತೆಂದು ಬಾಬುರಾವ್ ಎಬ್ಬಿಸಲಿಲ್ಲ. ಮಿರಜ್ ತಲುಪಿದಾಗ ಆಕೆ ಏಳಲಿಲ್ಲ. ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಸಿಕ್ಕಿತು.

ಮೆಕ್ಯಾನಿಕ್ ವ್ಯಾನ್ ಎತ್ತಿ ನೋಡಿದ. ಹಿಂದಿನ ಸೀಟಿನ ಕೆಳಗೆ ಹೊಗೆಕೊಳವೆ ಸೀಳಿತ್ತು. ಸದ್ದು ಅಡಗಲೆಂದು ಯಾರೋ ಎಣ್ಣೆ ಡಬ್ಬಿಯ ತಗಡು ಸುತ್ತಿ ತಂತಿ ಬಿಗಿದಿದ್ದರು. ಸೀಳಿನಿಂದ ವಿಷ ಸುಮನ್ ಕುಳಿತಲ್ಲಿಗೆ ಏರುತ್ತಿತ್ತು. ಎಂಜಿನ್ನಿನ ಮಿಡಿತಗಳ ನಡುವೆ ಅದೇ ಸೀಳಿನಿಂದ ಕೊಳವೆಗೆ ಹೊರಗಿನ ಗಾಳಿಯೂ ನುಗ್ಗುತ್ತಿತ್ತು. ಗಾಳಿ ಬೆರೆತು ಎರಡೂ ಅಂಕಿ ಇಳಿದಿದ್ದ ಆ ತೆಳು ಹೊಗೆಗೇ ನಾನು ಎಕ್ಸಲೆಂಟ್ ಅಂದದ್ದು.

ದಿನಕರ್ಮ ಮುಗಿಸಿ ಬಾಬುರಾವ್ ಸೆಂಟರಿಗೆ ಬಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನೀವು ಚಲೋ ಐತಿ ಅಂದ ಮ್ಯಾಲ ಆಕಿ ತಲಿನೋವಿನ ಮಾತೇ ಬಿಟ್ಟಿದ್ಲ್ರಿ, ಬಾಯಾರ. ಗಾಡಿ ಪಾಸಾತು, ನನ್ನ ತಲೀನ ಫೇಲು ಅಂತ ನಗ್ತಿದ್ಲು.”

ಮುಂದಿನ ಎರಡು ವರ್ಷ ಪ್ರತಿ ಗಾಡಿಯ ಕೆಳಗೆ ಮಂಡಿಯೂರಿ ಬಗ್ಗಿ ನೋಡಿದೆ. ಕೆಟ್ಟ ಅಂಕಿ ಬಂದರೆ ಯಾರಾದರೂ ಎಚ್ಚರಾಗುತ್ತಾರೆ. ತೀರಾ ಒಳ್ಳೆಯ ಅಂಕಿಯನ್ನು ಅನುಮಾನಿಸಲು ಕಲಿತದ್ದು ಸುಮನ್‌ಳಿಂದ. ಸಹಿಗೆ ಮೊದಲು ಕೇಳುತ್ತಿದ್ದೆ: “ಹಿಂದ ಕುಂದರೋರಿಗೆ ತಲಿನೋವು ಬರ್ತೈತೇನ್ರಿ?”

“ಗಾಡಿ ನೋಡ್ರಿ ಬಾಯಾರ, ಡಾಕ್ಟರಕಿ ಯಾವಾಗ ಚಾಲೂ ಮಾಡಿದ್ರಿ?” ಎಂದು ಗಾಡಿ ತಂದವರು ನಗುತ್ತಿದ್ದರು.

ನಗು ಮುಗಿಯುವವರೆಗೆ ಪೆನ್ನು ಹಿಡಿದು ಕಾಯುತ್ತಿದ್ದೆ. ಉತ್ತರ ಸಿಗುವ ತನಕ ಒಂದು ಸರ್ಟಿಫಿಕೇಟಿಗೂ ಸಹಿ ಹಾಕಲಿಲ್ಲ.