ಬೀಗದಕ್ಕ

ದೊಡ್ಡ ದೊಡ್ಡ ಗೋದಾಮುಗಳಿಗೆ ತಾನಾಗಿ ಸರಕು ಸಾಗಿಸುವ ಯಂತ್ರಗಳನ್ನು ವಿನ್ಯಾಸ ಮಾಡುವುದು ಅವಳ ಕೆಲಸ. ಇಲ್ಲಿ ಬೆಲ್ಟಿನ ಮೇಲಿಟ್ಟ ಪೆಟ್ಟಿಗೆ ಯಾರೂ ಕೈ ಹಚ್ಚದೆ ಮೇಲಂತಸ್ತಿನ ಕಪಾಟು ಸೇರಬೇಕು. ಆದರೆ ಅವಳಿಗೆ ಹೆಸರು ಬಂದದ್ದು ಯಂತ್ರದಿಂದಲ್ಲ, ಬೀಗದಿಂದ. ಯಂತ್ರದೊಳಗೆ ಇಳಿಯುವವರು ಯಾರೇ ಆಗಲಿ, ಮೇನ್ ಸ್ವಿಚ್ ಆರಿಸಿ ಅದಕ್ಕೆ ತಮ್ಮದೇ ಬೀಗ ಜಡಿಯಬೇಕು, ಹೊರಬಂದ ಮೇಲೆ ತಾವೇ ತೆಗೆಯಬೇಕು. ಈ ವಿಷಯದಲ್ಲಿ ಅವಳದು ಹಟವೆಂದರೆ ಹಟ. ಹಾಗಾಗಿ ಎಲ್ಲರ ಬಾಯಲ್ಲೂ ಬೀಗದಕ್ಕ. "ಇವಳ ಬಾಯಿಗೂ ಒಂದು ಬೀಗ ಸಿಕ್ಕಿದ್ರೆ!" ಎಂದು ಗಂಡ ಛೇಡಿಸುವುದುಂಟು.

ಅವಳ ಯಂತ್ರ ಕೂರಿಸಿದ ಹೊಸ ಗೋದಾಮು ಶುರುವಾಗುವ ದಿನ ಮಾಲೀಕರು ಅತಿಥಿಗಳೊಡನೆ ಬಂದು ಕುಳಿತಿದ್ದರು. ನೋಡಿದರೆ ಸ್ವಿಚ್ಚಿನ ಮೇಲೆ ಒಂದು ಕೆಂಪು ಬೀಗ! ಯಂತ್ರ ಜೋಡಿಸುವ ಫಿಟ್ಟರನದು.

"ಅವನು ಆಗ್ಲೇ ಮನೆಗೆ ಹೋಗಿದಾನೆ. ಬೈಕೂ ಇಲ್ಲ, ಫೋನೂ ಎತ್ತುತ್ತಿಲ್ಲ. ಬೀಗ ತೆಗೆಯೋದು ಮರೆತಿದಾನೆ ಅಷ್ಟೆ," ಎನ್ನುತ್ತ ಮ್ಯಾನೇಜರ್ ಬೀಗ ಕತ್ತರಿಸುವ ಕಟರ್ ಎತ್ತಿಕೊಂಡ.

"ಮುಟ್ಟಬೇಡಿ," ಎಂದಳು ಅವಳು.

"ಮೇಡಂ, ಇವತ್ತು ಶುರುವಾಗದಿದ್ರೆ ನಿಮ್ಮ ಕೆಲಸಾನೂ ಇರಲ್ಲ, ನನ್ನದೂ ಇರಲ್ಲ."

ಮ್ಯಾನೇಜರ್ ಹೇಳಿದ್ದು ನಿಜವೂ ಇರಬಹುದು. ಫಿಟ್ಟರನ ಮರೆವು ಲೋಕಕ್ಕೇ ಗೊತ್ತು. ಆದರೂ ಜೇಬಿನಿಂದ ತನ್ನ ಬೀಗ ತೆಗೆದು, ಸ್ವಿಚ್ಚಿನ ಕೊಂಡಿಯಲ್ಲಿ ಕೆಂಪು ಬೀಗದ ಪಕ್ಕಕ್ಕಿದ್ದ ತೂತಿಗೆ ಜಡಿದಳು.

"ಈಗ ನಾನೂ ಒಳಗೆ ಹೋಗ್ತಿದೀನಿ. ಕತ್ತರಿಸೋದಾದ್ರೆ ಎರಡನ್ನೂ ಕತ್ತರಿಸಿ."

ಬೆಲ್ಟುಗಳ ಕೆಳಗೆ ತೆವಳಿಕೊಂಡೇ ಹೋದಳು. ಎಷ್ಟು ಕೂಗಿದರೂ ಉತ್ತರವಿಲ್ಲ. ಮೊದಲ ಸಾಲು ಖಾಲಿ. ಎರಡನೆಯದೂ ಖಾಲಿ. ಹೊರಗೆ ಮ್ಯಾನೇಜರನ ಗೊಣಗಾಟ. ಅಯ್ಯೋ, ಎಲ್ಲರೆದುರು ನಗೆಪಾಟಲಾದೆನಲ್ಲ ಎಂದುಕೊಳ್ಳುತ್ತಲೇ ಪೆಟ್ಟಿಗೆಗಳನ್ನು ಮೇಲಕ್ಕೆತ್ತುವ ಕೊನೆಯ ಲಿಫ್ಟಿನ ತಳಕ್ಕೆ ಟಾರ್ಚ್ ಹಿಡಿದಳು. ಎರಡು ಕಾಲು!

ಫಿಟ್ಟರ್ ಅಂಗಾತ ಮಲಗಿ, ಎಂದಿನಂತೆ ಕಿವಿಗೆ ಹತ್ತಿ ತುರುಕಿಕೊಂಡು, ರೋಲರುಗಳ ನಡುವೆ ತಲೆಯಿಟ್ಟು ಬೋಲ್ಟ್ ಬಿಗಿಯುತ್ತಿದ್ದ. ಅವಳು ಕಾಲು ಹಿಡಿದು ಜಗ್ಗಿದಳು.

"ಅಯ್ಯೋ ಅಕ್ಕಾ, ಹೆದರಿಸಿಬಿಟ್ರಲ್ಲ! ಇದೊಂದು ಸಡಿಲ ಆಗಿತ್ತು. ಮುಗೀತು, ಬಂದೆ."

"ನಿನ್ನ ಬೈಕ್ ಎಲ್ಲೋ?"

"ಭಾವ ತಗೊಂಡು ಹೋದ. ಫೋನೂ ಅದರ ಚೀಲದಲ್ಲೇ ಉಳೀತು. ಯಾಕಕ್ಕಾ?"

ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಉಕ್ಕಿ ಬಂದವು. "ಯಾಕಂತೆ ಯಾಕೆ! ಮೊದಲು ಎದ್ದು ಬಾ ಮಹಾರಾಯ!"

ಅವನನ್ನು ಕಂಡದ್ದೇ ಮ್ಯಾನೇಜರನ ಮುಖ ಬಿಳಿಚಿಕೊಂಡಿತು. ಕಟರನ್ನು ಬೆನ್ನ ಹಿಂದೆ ಸರಿಸಿದ. ಫಿಟ್ಟರ್ ತನ್ನ ಬೀಗ ತೆಗೆದ. ಅವಳ ಕೈ ಎಷ್ಟು ನಡುಗುತ್ತಿತ್ತೆಂದರೆ ಕೀಲಿ ಬೀಗದೊಳಗೆ ಹೋಗಲೇ ಒಲ್ಲದು.

"ಕೊಡಿ ಅಕ್ಕಾ, ನಾನು ತೆಗೀತೀನಿ."

"ದೂರ ನಿಲ್ಲೋ! ನನ್ನ ಬೀಗ ನಾನೇ ತೆಗೀಬೇಕು."

ಅವಳ ಕೈ ಹಿಡಿತಕ್ಕೆ ಬರುವವರೆಗೂ ಮಾಲೀಕರು ಕಾದರು.