ಪೆಟ್ಟಿಗೆಯೊಳಗಿನ ಕಣ ಮತ್ತು ಬಷೀರಣ್ಣನ ಬೀಗ

ಹೋದ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಒಬ್ಬ ಮನುಷ್ಯ ಬಂದು ನನ್ನ ರೂಮಿಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋದ. ನಾನು ಒಳಗಿದ್ದೆ. ಬನಿಯನ್ನು, ಲುಂಗಿ, ಮಂಚದ ಮೇಲೆ. ನಿದ್ದೆಯಲ್ಲೇನೂ ಇರಲಿಲ್ಲ, ಚೆನ್ನಾಗೇ ಎಚ್ಚರವಿತ್ತು.

ಚಿಲಕ ಎಳೆದ ಸದ್ದು ಕೇಳಿಸಿತು. ಬೀಗ ಒತ್ತಿದ ಸದ್ದು ಕೇಳಿಸಿತು. ಆಮೇಲೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಏನೋ ಗೀಚಿದ್ದೂ ಕೇಳಿಸಿತು. "ಯಾರಪ್ಪಾ ಅದು, ನಾನಿದ್ದೀನಿ" ಅಂತ ಒಂದು ಮಾತು ಕೂಗಿದ್ದರೆ ಮುಗಿದುಹೋಗುತ್ತಿತ್ತು. ಕೂಗಲಿಲ್ಲ. ಯಾಕೆ ಕೂಗಲಿಲ್ಲ ಅನ್ನೋದನ್ನ ಈ ವಾರ ಹೇಳಿಬಿಡ್ತೀನಿ. (ಹೋದ ವಾರ ಮದುವೆ ಊಟದ ಬಗ್ಗೆ ಬರೆದು ಗಂಡಿನ ಕಡೆಯವರಿಂದಲೂ ಹೆಣ್ಣಿನ ಕಡೆಯವರಿಂದಲೂ ಬೈಸಿಕೊಂಡಾಯಿತು. ಈ ವಾರ ಬೈಯೋಕೆ ಯಾವ ಕಡೆಯವರೂ ಇಲ್ಲ.)

ಮೊದಲು ನಮ್ಮ ಶ್ರೀನಿವಾಸಪುರದ ಪದ್ಧತಿ ಗೊತ್ತಿರಬೇಕು. ಇಲ್ಲಿ ಬಾಡಿಗೆ ರೂಮು ಅಂದರೆ ಹತ್ತು ತಿಂಗಳು ಮೇಷ್ಟ್ರಿಗೆ, ಎರಡು ತಿಂಗಳು ಮಾವಿಗೆ. ಕಾಲೇಜಿಗೆ ಬೇಸಿಗೆ ರಜಾ ಬಂತು ಅಂದರೆ ನಾವೆಲ್ಲ ಗಂಟುಮೂಟೆ ಕಟ್ಟಿ ಊರಿಗೆ ಹೋಗಬೇಕು. ನಾವು ಎದ್ದ ಜಾಗದಲ್ಲಿ ಭತ್ತದ ಹುಲ್ಲು ಹಾಸಿ ರಸಪುರಿ, ಬಾದಾಮಿ ಹಣ್ಣಿಗೆ ಹಾಕುತ್ತಾರೆ. ಜುಲೈನಲ್ಲಿ ನಾವು ವಾಪಸ್ ಬಂದಾಗ ಗೋಡೆಯೆಲ್ಲ ಮಾವಿನ ವಾಸನೆ. ಹದಿನಾಲ್ಕು ವರ್ಷದಿಂದ ನನ್ನ ಪುಸ್ತಕಗಳೂ ಹಾಗೇ ವಾಸನೆ ಬರುತ್ತವೆ.

ಇನ್ನೊಂದು ಪದ್ಧತಿ ಇದೆ. ಮಾವಿನ ಮಂಡಿಯವರು ರೂಮು ಖಾಲಿಯಾಯ್ತು ಅಂತ ಗೊತ್ತಾದ ತಕ್ಷಣ ಓಡಿಬಂದು ತಮ್ಮ ಬೀಗ ಜಡಿದು, ಬಾಗಿಲ ಮೇಲೆ ಮಂಡಿಯ ಗುರುತು ಬರೆದು ಹೋಗುತ್ತಾರೆ. ಇಲ್ಲದಿದ್ದರೆ ಇನ್ನೊಬ್ಬ ಮಂಡಿಯವನು ಬಂದು ಹಿಡಿದುಬಿಡುತ್ತಾನೆ. ಬೀಗ ಮೊದಲು, ಹುಲ್ಲು ನಾಳೆ, ಕಾಯಿ ನಾಡಿದ್ದು. ಒಳಗೆ ಇಣುಕಿ ನೋಡೋ ಅಭ್ಯಾಸ ಯಾರಿಗೂ ಇಲ್ಲ. ಏನಿರುತ್ತೆ ನೋಡೋಕೆ?

ನಮ್ಮ ಓನರ್ ನಾಗರತ್ನಮ್ಮನವರು. ಅರವತ್ತು ದಾಟಿದ ವಿಧವೆ. ಮದನಪಲ್ಲಿ ಕಡೆಯಿಂದ ಸೊಸೆಯಾಗಿ ಬಂದವರು, ಬಾಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ನನ್ನನ್ನು "ಅಯ್ವಾರೂ" ಅಂತಾರೆ, ಮೇಷ್ಟ್ರೇ ಅನ್ನೋ ಹಾಗೆ. ಶನಿವಾರ ಸಂಜೆ ಪುಸ್ತಕದ ಟ್ರಂಕನ್ನು ಅವರ ಕೋಣೆಯಲ್ಲಿಟ್ಟು, "ನಾಳೆ ಫಸ್ಟ್ ಬಸ್‌ಗೆ ಊರಿಗೆ ಹೊರಡ್ತೀನಮ್ಮಾ" ಅಂದಿದ್ದೆ. ಫಸ್ಟ್ ಬಸ್ ಹೋಯಿತು. ಸೆಕೆಂಡ್ ಬಸ್ಸೂ ಹೋಯಿತು. ನಾನು ಏಳಲೇ ಇಲ್ಲ. ಸೂಟ್‌ಕೇಸ್ ರೆಡಿಯಾಗಿ ಗೋಡೆಗೆ ಒರಗಿತ್ತು, ನಾನು ತೊಲೆ ನೋಡುತ್ತಾ ಮಲಗಿದ್ದೆ. ಹೊರಗಡೆ ಮಂಡಿಯ ಬಷೀರಣ್ಣನ ದನಿ ಕೇಳಿಸಿತು.

"ಮೇಷ್ಟ್ರು ಹೋದ್ರಾ ಅಮ್ಮಾ?"

"ಪೊದ್ದುನ್ನೇ ಊರಿಕಿ ಪೋಯಿನಾರಪ್ಪ. ಲೋಪಲ ಎವರೂ ಲೇರು." (ಬೆಳಿಗ್ಗೇನೇ ಊರಿಗೆ ಹೋದ್ರಪ್ಪ, ಒಳಗೆ ಯಾರೂ ಇಲ್ಲ.)

ಆಮೇಲೆ ಚಿಲಕ, ಬೀಗ, ಸೀಮೆಸುಣ್ಣ.

ಒಳಗೆ ಯಾರೂ ಇಲ್ಲ! ನಗು ಬಂತು ನನಗೆ. ಯಾಕಂದ್ರೆ ನಾನು ಕಾಲೇಜಿನಲ್ಲಿ ಪಾಠ ಮಾಡೋದೇ ಇದನ್ನ. ಬಿ.ಎಸ್ಸಿ. ಫೈನಲ್ ಇಯರ್, ಕ್ವಾಂಟಮ್ ಮೆಕ್ಯಾನಿಕ್ಸ್, ಪೆಟ್ಟಿಗೆಯೊಳಗಿನ ಕಣ. (ಪುಟ ತಿರುಗಿಸಬೇಡಿ, ಲೆಕ್ಕ ಮಾಡಿಸಲ್ಲ.) ಬೋರ್ಡಿನ ಮೇಲೆ ಎರಡು ಉದ್ದ ಗೆರೆ ಎಳೆಯುತ್ತೀನಿ. ಅವು ಗೋಡೆ, ಎತ್ತರಕ್ಕೆ ಕೊನೆಯೇ ಇಲ್ಲ. ನಡುವೆ ಒಂದೇ ಒಂದು ಕಣ. ಅದು ಆ ಕಡೆಗೆ ಹೋಗಬಹುದು, ಈ ಕಡೆಗೆ ಬರಬಹುದು, ಅಷ್ಟೇ. ಮೇಲಿಲ್ಲ, ಕೆಳಗಿಲ್ಲ, ಪಕ್ಕ ಇಲ್ಲ. ನನ್ನ ರೂಮೂ ಹಾಗೇ. ಹನ್ನೆರಡು ಅಡಿ ಉದ್ದ, ಐದು ಅಡಿ ಅಗಲ, ಆ ಐದರಲ್ಲಿ ಮೂರು ಅಡಿ ಮಂಚಕ್ಕೆ ಹೋಯಿತು.

ಆ ಕಣ ನಮ್ಮ ಗೋಲಿಯ ಹಾಗೆ ಒಂದು ಕಡೆ ಕೂತಿರುವುದಿಲ್ಲ. ಅದರದ್ದು ಅಲೆಯ ಸ್ವಭಾವ. ಬಿಗಿದ ತಂತಿ ಮೀಟಿದರೆ ಎರಡು ತುದಿ ಅಲ್ಲಾಡದೆ ನಡುವೆ ಕಂಪಿಸುತ್ತಲ್ಲ, ಹಾಗೆ. ಒಂದು ಉಬ್ಬು, ಇಲ್ಲಾ ಎರಡು, ಇಲ್ಲಾ ಮೂರು. ಒಂದೂಕಾಲು ಒಂದೂವರೆ ನಡೆಯಲ್ಲ. ಈ ಉಬ್ಬಿನ ಎಣಿಕೆಗೆ n ಅಂತ ಹೆಸರು. ಪ್ರತಿ ವರ್ಷ ಪ್ರಿಪರೇಟರಿ ಪರೀಕ್ಷೆಯಲ್ಲಿ ಅರ್ಧ ಕ್ಲಾಸು n ಗೆ ಸೊನ್ನೆಯೂ ಬರಬಹುದು ಅಂತ ಬರೆದಿರುತ್ತೆ. ನಾನು ಕೆಂಪು ಇಂಕಿನಲ್ಲಿ ಹೊಡೆದುಹಾಕುತ್ತೀನಿ. ಸೊನ್ನೆ ಹಾಕಿದರೆ ಅಲೆಯೇ ಇಲ್ಲ. ಅಲೆ ಇಲ್ಲ ಅಂದರೆ ಪೆಟ್ಟಿಗೆಯಲ್ಲಿ ಕಣ ಎಲ್ಲೂ ಇಲ್ಲ. ಕಣ ಇದೆ ಅಂತ ತಾನೇ ಲೆಕ್ಕ ಶುರು ಮಾಡಿದ್ದು? ಭಾನುವಾರ ನಾಗರತ್ನಮ್ಮನವರು ಅದೇ ತಪ್ಪು ಮಾಡಿದರು, ನನ್ನ ಕೈಯಲ್ಲಿ ಕೆಂಪು ಪೆನ್ ಇರಲಿಲ್ಲ.

ತಮಾಷೆ ಸಾಕು. ಕೂಗದೆ ಇದ್ದದ್ದು ಯಾಕೆ?

ಕೂಗಿದರೆ ಬಾಗಿಲು ತೆಗೀತಾರೆ. ತೆಗೆದರೆ, "ಊರಿಗೆ ಯಾಕೆ ಹೋಗ್ಲಿಲ್ಲ?" ಅಂತಾರೆ. ನನಗೆ ಊರಿಲ್ಲ.

ನಮ್ಮಪ್ಪ ಟೇಕಲ್ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ನಾನು ಬೆಳೆದದ್ದು ರೈಲ್ವೆ ಕ್ವಾರ್ಟರ್ಸಿನಲ್ಲಿ. ರಿಟೈರ್ ಆದ ದಿನ ಆ ಮನೆ ಇನ್ನೊಬ್ಬರದ್ದಾಯಿತು. ಮಾಲೂರಿನಲ್ಲಿ ಒಂದು ಬಾಡಿಗೆ ಮನೆ ಹಿಡಿದೆವು. ಅಪ್ಪ ಹೋದ ಮೇಲೆ ಅಲ್ಲಿ ಅಮ್ಮ ಒಬ್ಬಳೇ ಇದ್ದಳು. ಅಣ್ಣತಮ್ಮ, ಅಕ್ಕತಂಗಿ ಯಾರೂ ಇಲ್ಲ, ನಾನೊಬ್ಬನೇ. ಮದುವೆ ಯಾಕೋ ಕೂಡಿಬರಲಿಲ್ಲ. (ಆ ಕಥೆ ಬೇಡ ಬಿಡಿ.) ಎರಡು ವರ್ಷದ ಹಿಂದೆ, ಇಂಥದ್ದೇ ಬೇಸಿಗೆ ರಜಾದಲ್ಲಿ, ಅಮ್ಮ ತೀರಿಕೊಂಡಳು. ಕರ್ಮ ಎಲ್ಲ ಮುಗಿಸಿ, ಮನೆ ಬೀಗದ ಕೈ ಓನರ್ ಕೈಗೆ ಕೊಟ್ಟು, ಬೋಳು ತಲೆಯಲ್ಲಿ ಶ್ರೀನಿವಾಸಪುರಕ್ಕೆ ಬಂದಿಳಿದೆ.

ನಾಗರತ್ನಮ್ಮನವರು ಜಗಲಿಯಲ್ಲಿ ಹುಲ್ಲು ಗುಡಿಸುತ್ತಿದ್ದರು. ನನ್ನ ತಲೆ ನೋಡಿ ಮುಖ ಅರಳಿತು.

"ತಿರುಪತಿಗೆ ಹೋಗಿದ್ರಾ ಅಯ್ವಾರೂ? ಲಡ್ಡು ಎಲ್ಲಿ?"

ಈ ಸೀಮೆಯಲ್ಲಿ ಬೋಳು ತಲೆ ಅಂದರೆ ತಿರುಪತಿ. ಅವರದೇನೂ ತಪ್ಪಿಲ್ಲ. ಆದರೆ ಅಷ್ಟು ಸಂತೋಷದಿಂದ ಕೇಳುತ್ತಿರುವ ಹೆಂಗಸಿಗೆ, "ಇಲ್ಲಮ್ಮಾ, ನಮ್ಮಮ್ಮ ಸತ್ತುಹೋದಳು" ಅಂತ ಹೇಗೆ ಹೇಳೋದು? "ಲಡ್ಡು ಬಸ್ಸಿನಲ್ಲೇ ಖಾಲಿಯಾಯ್ತಮ್ಮಾ" ಅಂದುಬಿಟ್ಟೆ. "ಅಮ್ಮ ಚೆನ್ನಾಗಿದ್ದಾರಾ?" ಅಂದರು. "ಹೂಂ" ಅಂದೆ. ಅವತ್ತೇ ಸಂಜೆ ಹೋಗಿ ನಿಜ ಹೇಳಬೇಕು ಅಂತಿದ್ದೆ. ಸಂಜೆ ಹೇಳಲಿಲ್ಲ, ಮಾರನೇ ದಿನ ಹೇಳಲಿಲ್ಲ, ಒಂದು ವಾರವಾದ ಮೇಲೆ ಹೇಳೋಕೆ ನಾಚಿಕೆಯಾಯಿತು.

ಒಂದು ಸುಳ್ಳು ಮುಚ್ಚೋಕೆ ನೂರು ಸುಳ್ಳು ಅಂತಾರಲ್ಲ, ನನ್ನದು ನೂರು ದಾಟಿರಬೇಕು. ಅಮ್ಮನನ್ನು ನೋಡೋಕೆ ತಿಂಗಳಿಗೊಂದು ಶನಿವಾರ ಮಾಲೂರಿಗೆ ಹೋಗೋ ಅಭ್ಯಾಸ ಇತ್ತಲ್ಲ, ಈಗಲೂ ಹೋಗ್ತೀನಿ. ಅಂದರೆ, ಕೋಲಾರದಲ್ಲಿ ಇಳಿದು, ಒಂದು ಮ್ಯಾಟ್ನಿ ನೋಡಿ ವಾಪಸ್ ಬರ್ತೀನಿ. "ಅಮ್ಮ ಹೇಗಿದ್ದಾರೆ?" ಅಂತಾರೆ ನಾಗರತ್ನಮ್ಮನವರು. "ಮೊಣಕಾಲು ನೋವಂತೆ" ಅಂತೀನಿ. ಹೋದ ವರ್ಷ ರಜಾಕ್ಕೆ ಹೊರಟಾಗ ಆಯಮ್ಮ ಒಂದು ಬುಟ್ಟಿ ರಸಪುರಿ ಕೊಟ್ಟು, "ಮೊದಲನೇ ಹಣ್ಣು, ನಿಮ್ಮಮ್ಮನಿಗೆ ಕೊಡಿ" ಅಂದರು. ಆ ಬುಟ್ಟಿ ಹೊತ್ತುಕೊಂಡು ಎಲ್ಲಿಗೆ ಹೋಗಲಿ ಹೇಳಿ? ಟೇಕಲ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಪ್ಯಾಸೆಂಜರ್ ಗಾಡಿಯವರಿಗೆಲ್ಲ ಹಂಚಿದೆ. ಎಲ್ಲರೂ ತಗೊಂಡರು, ಯಾಕೆ ಕೊಡ್ತಿದ್ದೀರಿ ಅಂತ ಒಬ್ಬರೂ ಕೇಳಲಿಲ್ಲ. ಜುಲೈನಲ್ಲಿ ಬರುವಾಗ ಬೆಂಗಳೂರಿನ ಅಂಗಡಿಯಲ್ಲಿ ಕೋಡುಬಳೆ ಕಟ್ಟಿಸಿ, "ಅಮ್ಮ ಕಳಿಸಿದ್ದು" ಅಂತ ಕೊಟ್ಟೆ. ಅದನ್ನು ತಿಂದು ಆಯಮ್ಮ ಏನಂದರು ಗೊತ್ತಾ? "ನಿಮ್ಮಮ್ಮನ ಕೈ ರುಚಿ ಹಾಗೇ ಇದೆ."

ಇಷ್ಟೆಲ್ಲ ಮಾಡಿಕೊಂಡವನು ಭಾನುವಾರ ಹೇಗೆ ಕೂಗಲಿ? ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಸುಮ್ಮನೆ ಮಲಗಿದೆ. ನಾಳೆ ಹುಲ್ಲು ಹಾಸೋಕೆ ಬೀಗ ತೆಗೆದಾಗ ಕಣ್ಣು ತಪ್ಪಿಸಿ ಹೊರಟುಬಿಡೋಣ ಅನ್ನೋ ಹುಚ್ಚು ಯೋಚನೆ.

ಸುಮ್ಮನೆ ಮಲಗೋಕೂ ಆಗಬೇಕಲ್ಲ! ಪೆಟ್ಟಿಗೆಯೊಳಗಿನ ಕಣದ ಎರಡನೇ ನಿಯಮ ಅದೇ. ಕೂಡಿಹಾಕಿದ ಕಣ ಯಾವತ್ತೂ ತೆಪ್ಪಗಿರುವುದಿಲ್ಲ. ಎಷ್ಟೇ ತಣ್ಣಗೆ ಮಾಡಿ, ಅದರಲ್ಲಿ ಸ್ವಲ್ಪ ಚಡಪಡಿಕೆ ಉಳಿದೇ ಇರುತ್ತೆ. ಪೆಟ್ಟಿಗೆ ಚಿಕ್ಕದು ಮಾಡಿದರೆ ಚಡಪಡಿಕೆ ಜಾಸ್ತಿ. ಅರ್ಧ ಮಾಡಿದರೆ ನಾಲ್ಕು ಪಟ್ಟು. ಹದಿನಾಲ್ಕು ವರ್ಷ ಇದನ್ನ ಬೋರ್ಡಿನ ಮೇಲೆ ಬರೆದಿದ್ದೀನಿ, ಭಾನುವಾರ ಕಾಲಿಗೆ ಗೊತ್ತಾಯಿತು. ಬಾಗಿಲಿಂದ ಗೋಡೆಗೆ ಆರು ಹೆಜ್ಜೆ, ಗೋಡೆಯಿಂದ ಬಾಗಿಲಿಗೆ ಆರು ಹೆಜ್ಜೆ. ಹನ್ನೆರಡು ಗಂಟೆಗೆ ಹೂಜಿಯ ನೀರು ಮುಗಿಯಿತು. ಒಂದು ಗಂಟೆಗೆ ಹೆಂಚು ಕಾದು ತಲೆ ತಿರುಗತೊಡಗಿತು. (ಮಿಕ್ಕ ಕಷ್ಟಗಳನ್ನು ಓದುಗರೇ ಊಹಿಸಿಕೊಳ್ಳಿ.)

ಅಷ್ಟು ಹೊತ್ತಿನಲ್ಲಿ ಬಾಗಿಲ ಹತ್ತಿರ ಯಾರೂ ಬರಲಿಲ್ಲ. ಬೀದಿಯಲ್ಲಿ ಜನ ಓಡಾಡುತ್ತಿದ್ದರು, ಗಾಡಿ ಹೋಗುತ್ತಿತ್ತು, ಯಾರೋ ಯಾರನ್ನೋ "ಏನ್ಲಾ, ಉಂಡ್ಯಾ?" ಅಂತ ಕೇಳುತ್ತಿದ್ದರು. ನನ್ನನ್ನು ಹುಡುಕೋರು ಲೋಕದಲ್ಲಿ ಯಾರೂ ಇರಲಿಲ್ಲ. ಕಾಲೇಜಿನವರಿಗೆ ನಾನು ಊರಿನಲ್ಲಿದ್ದೀನಿ. ನಾಗರತ್ನಮ್ಮನವರಿಗೆ ನಾನು ಅಮ್ಮನ ಹತ್ತಿರ ಇದ್ದೀನಿ. ಬಷೀರಣ್ಣನಿಗೆ ನಾನು ಇಲ್ಲವೇ ಇಲ್ಲ. ಎರಡು ತಿಂಗಳು ಒಬ್ಬನೂ ಕೇಳುವುದಿಲ್ಲ ಅಂತ ಹೊಳೆದಾಗ, ನಿಜ ಹೇಳ್ತೀನಿ, ಹೆದರಿಕೆಯಾಯಿತು. ಅತ್ತೂಬಿಟ್ಟೆ. ನಲವತ್ತೆರಡು ವರ್ಷದ ಗಂಡಸು, ಮಂಚದ ಕಾಲು ಹಿಡಿದುಕೊಂಡು, ಅಮ್ಮ ಹೋದಾಗಲೂ ಅಳದಷ್ಟು ಅತ್ತೆ.

ಕೊನೆಯೇ ಇಲ್ಲದ ಗೋಡೆ ಪುಸ್ತಕದಲ್ಲಿ ಮಾತ್ರ ಇರುತ್ತೆ. ನಿಜವಾದ ಗೋಡೆಗೆ ಒಂದು ಎತ್ತರ, ಒಂದು ದಪ್ಪ ಇದ್ದೇ ಇರುತ್ತೆ, ಒಳಗಿನ ಅಲೆ ಒಂಚೂರು ಆಚೆಗೂ ಸೋರುತ್ತೆ. ನನ್ನ ಬಿಕ್ಕಳಿಕೆ ಹಾಗೇ ಸೋರಿರಬೇಕು. ಹೊರಗೆ ಸಂಡಿಗೆ ಮಗುಚುತ್ತಿದ್ದ ನಾಗರತ್ನಮ್ಮನವರ ಬಳೆ ಸದ್ದು ನಿಂತಿತು.

"ಎವುರ್ರಾ ಅದಿ? ಯಾರೋ ಅದು?" ಅಂದರು, ಕಳ್ಳನನ್ನು ಕೇಳೋ ಹಾಗೆ.

"ನಾನಮ್ಮಾ. ಮೇಷ್ಟ್ರು."

"ಅಯ್ಯೋ ದೇವುಡಾ!"

ಬೀಗದ ಕೈ ಮಂಡಿಯಲ್ಲಿತ್ತು. ಆ ಉರಿಬಿಸಿಲಿನಲ್ಲಿ, ಬರಿಗಾಲಿನಲ್ಲಿ, ಅವರೇ ಓಡಿ ಬಷೀರಣ್ಣನನ್ನು ಎಳೆದುಕೊಂಡು ಬಂದರು. ಬಾಗಿಲು ತೆರೆಯಿತು. ಬಷೀರಣ್ಣ ಕಿವಿ ಹಿಡಿದುಕೊಂಡ. "ಅರೆ, ಖಾಲಿ ಚಿಲಕ ಇತ್ತು ಸಾರ್, ಹೋಗಿಬಿಟ್ಟಿದ್ದೀರಿ ಅಂದ್ಕೊಂಡೆ. ಮಾಫ್ ಮಾಡ್ಬಿಡಿ ಸಾರ್." ಪಾಪ, ಅವನ ಬೀಗದ್ದೇನು ತಪ್ಪು?

ಆಯಮ್ಮ ಒಂದು ಚೊಂಬು ಮಜ್ಜಿಗೆ ಕುಡಿಸಿದರು. ಮುದ್ದೆ ಮುರಿದು ತಟ್ಟೆಗೆ ಹಾಕಿ ಎದುರಿಗೇ ಕೂತರು. ಶುರುವಾಯಿತು.

"ನೋರು ಲೇದಾ ಮೀಕು? ಬಾಯಿಲ್ವಾ ನಿಮಗೆ? ಬೆಳಿಗ್ಗೆಯಿಂದ ಯಾಕೆ ಕೂಗ್ಲಿಲ್ಲ?"

"ನಿದ್ದೆ ಬಂದ್ಬಿಟ್ಟಿತ್ತಮ್ಮಾ."

"ಚೆನ್ನಾಗಿದೆ! ಅಲ್ಲಿ ನಿಮ್ಮಮ್ಮ ದಾರಿ ಕಾಯ್ತಿರ್ತಾರೆ, ಇಲ್ಲಿ ನೀವು ನಿದ್ದೆ ಹೊಡೀತೀರಾ? ಕಣ್ಣು ಯಾಕೆ ಇಷ್ಟು ಕೆಂಪಗಿದೆ?"

"ಅಮ್ಮ..." ಅಂದೆ.

ಅವರು ಕಾದರು. ಬೀಸಣಿಗೆ ಆಡಿಸೋದನ್ನೂ ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. ಇಂಥ ಅವಕಾಶ ಎರಡು ವರ್ಷದಲ್ಲಿ ಬಂದಿರಲಿಲ್ಲ.

"ಅಮ್ಮ ಇಷ್ಟು ಹೊತ್ತಿಗೆ ಊಟ ಮಾಡಿ ಮಲಗಿರ್ತಾಳೆ" ಅಂದೆ.

ಆಯಮ್ಮ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಬುಟ್ಟಿ ಇತ್ತು.

ಈಗ ಕೋಲಾರದ ಒಂದು ಲಾಡ್ಜಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೀನಿ. ರಸಪುರಿ ಮಂಚದ ಕೆಳಗಿದೆ, ಎರಡು ದಿನದಲ್ಲಿ ಕೊಳೆಯಲು ಶುರುವಾಗುತ್ತೆ. ನಾಗರತ್ನಮ್ಮನವರಿಗೆ ಕನ್ನಡ ಓದೋಕೆ ಬರಲ್ಲ, ಅವರು ಓದೋದು ತೆಲುಗು ಮಾತ್ರ. ಹಾಗಂತ ಧೈರ್ಯವಾಗಿ ಬರೆದೆ. ಆದರೆ ಶ್ರೀನಿವಾಸಪುರದಲ್ಲಿ ಈ ಪತ್ರಿಕೆ ಓದೋರು ಬೇಕಾದಷ್ಟು ಜನ ಇದ್ದಾರೆ. ಯಾರಾದರೂ ಅವರ ಜಗಲಿಯಲ್ಲಿ ಕೂತು ಇದನ್ನು ಓದಿ ಹೇಳಿಬಿಡಬಹುದು. ಹೇಳಲಿ ಅಂತಲೇ ಬರೀತಿದ್ದೀನಾ? ಇರಬಹುದು.

ಸಾವಿರಾರು ಜನಕ್ಕೆ ಬರೆದು ಹೇಳೋಕೆ ಬರೋ ಮಾತು, ಮುದ್ದೆ ಬಡಿಸಿ ಎದುರಿಗೆ ಕೂತ ಒಬ್ಬರಿಗೆ ಹೇಳೋಕೆ ಯಾಕ್ರೀ ಬರಲ್ಲ?