ದಾರಿಯಲ್ಲಿಲ್ಲದ ಕಮಲಾಪುರ

ಕಲಬುರ್ಗಿಯ ಶಹಾಬಜಾರದಲ್ಲಿ ನಮ್ಮ ಮನೆಯಿರುವ ಗಲ್ಲಿಗೆ ಒಂದೇ ಬಾಯಿ. ಒಳಗೆ ಬಂದವರು ಬಂದ ಕಡೆಯಿಂದಲೇ ಹೊರಬೀಳಬೇಕು. ಏಕೆಂದರೆ ನಮ್ಮ ಮನೆ ದಾಟಿದ ಹತ್ತೇ ಹೆಜ್ಜೆಗೆ ಹಳೆಯದೊಂದು ಕಲ್ಲಿನ ಗೋಡೆ ಅಡ್ಡ ನಿಂತಿದೆ. ಅದಕ್ಕೆ ಬಾಗಿಲಿಲ್ಲ, ಕಿಂಡಿಯಿಲ್ಲ, ಬೆಕ್ಕು ನುಸುಳುವಷ್ಟು ಬಿರುಕೂ ಇಲ್ಲ. ಹೀಗಿದ್ದೂ, ನಿಮ್ಮ ಮನೆಗೆಂದೇ ಬಂದೆ ಎಂದು ಬಾಯಿಬಿಟ್ಟು ಹೇಳಿದ ಒಬ್ಬ ಅತಿಥಿಯನ್ನೂ ನಾನು ಈವರೆಗೆ ಕಂಡಿಲ್ಲ. ಕಟ್ಟೆಯ ಮೇಲೆ ಕೂತು, ರುಮಾಲು ತೆಗೆದು, ಬೆವರೊರೆಸಿಕೊಂಡು ಎಲ್ಲರೂ ಆಡುವುದು ಒಂದೇ ಮಾತು: "ಹೀಂಗ ಹೊಂಟಿದ್ದೆ, ದಾರ್ಯಾಗ ಮನಿ ಬಂತು." ಎಲ್ಲಿಗೆ ಹೊರಟಿದ್ದರು ಈ ಮಹನೀಯರು? ಗೋಡೆಯೊಳಗೆ ಲೀನವಾಗಿ ಕೈವಲ್ಯ ಪಡೆಯಲೆಂದೇ? ಒಮ್ಮೆ ಒಬ್ಬ ಹಿರಿಯರನ್ನು ಹೀಗೆಯೇ ವಿನಯದಿಂದ ಕೇಳಿದೆ. ಅವರು ಚಹಾ ಕುಡಿಯದೆ ಎದ್ದುಹೋದರು. ಅಪ್ಪ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಎದುರು ಪಕ್ಷಕ್ಕೆ ಉತ್ತರ ಹೊಳೆಯದಿದ್ದರೆ ಅದನ್ನು ಜಯವೆಂದು ಬರೆದುಕೊಳ್ಳುವ ಅಭ್ಯಾಸವಿದ್ದ ನಾನು ಇದನ್ನೂ ಒಂದು ಜಯವೆಂದೇ ಬರೆದುಕೊಂಡೆ.

ಆ ಅಭ್ಯಾಸವನ್ನು ನಾನು ಹೈದರಾಬಾದಿನ ಕಾಲೇಜಿನಿಂದ ತಂದಿದ್ದೆ. ಅಲ್ಲಿನ ಚರ್ಚಾಸಭೆಯಲ್ಲಿ ಯಾವ ಪಕ್ಷ ಕೊಟ್ಟರೂ ಗೆಲ್ಲುವವನೆಂದು ನನಗೊಂದು ಬೆಳ್ಳಿಯ ಪದಕವನ್ನೂ ದಯಪಾಲಿಸಿದ್ದರು. ಯಾವ ಪಕ್ಷ ಕೊಟ್ಟರೂ ಗೆಲ್ಲುವವನಿಗೆ ತನ್ನದೆಂಬ ಪಕ್ಷವೇ ಇರುವುದಿಲ್ಲ ಎಂಬುದು ಪದಕದ ಹಿಂಭಾಗದಲ್ಲಿ ಕೆತ್ತಬೇಕಾಗಿದ್ದ ಸಂಗತಿ, ಕೆತ್ತಿರಲಿಲ್ಲ. ಹೀಗಾಗಿ ರಜೆಗೆ ಊರಿಗೆ ಬಂದಾಗಲೆಲ್ಲ ನಾನು ಪಂಚಾಂಗ ಹೇಳುವವರಿಂದ ಪ್ರಮಾಣ ಕೇಳುತ್ತ, ನೆಗಡಿಗೆ ಕಷಾಯ ಕೊಡುವ ಅವ್ವನಿಂದ ಕಾರ್ಯಕಾರಣ ಸಂಬಂಧ ಕೇಳುತ್ತ, ಒಟ್ಟಿನಲ್ಲಿ ಮನೆಮಂದಿಗೆ ಮುಂದಿನ ರೈಲಿನ ವೇಳೆ ಬಾಯಿಪಾಠವಾಗುವಂತೆ ಬದುಕುತ್ತಿದ್ದೆ.

ಅಂಥದೊಂದು ರಜೆಯಲ್ಲಿ ನನ್ನ ಸಣ್ಣ ಸೋದರತ್ತೆ ಗೌರಮ್ಮ ಮತ್ತು ಆಕೆಯ ಯಜಮಾನರಾದ ಸೊಲ್ಲಾಪುರದ ಮಾಮಾ ಬೆಳಗಿನ ಮೇಲ್ ಗಾಡಿಯಿಂದ ನಮ್ಮೂರಲ್ಲಿ ಇಳಿದರು. ಅರಿವೆಯ ವ್ಯಾಪಾರದ ಮಾಮಾ ರಂಗೂನಿನಲ್ಲಿ ಅಂಗಡಿ ಹಾಕಲು ಹೊರಟಿದ್ದರು. ಮದರಾಸಿನಲ್ಲಿ ಹಡಗು ಕಾಯುತ್ತಿತ್ತು. ಮರುದಿನ ಬೆಳಗಿನ ಮೇಲ್ ಹಿಡಿಯಲೇಬೇಕು. ನಡುವೆ ಇದ್ದದ್ದು ಒಂದು ದಿನ. ಆಮೇಲೆ ಕಡಲು, ಆಮೇಲೆ ಎಷ್ಟು ವರ್ಷವೋ ಯಾರೂ ಹೇಳುವಂತಿರಲಿಲ್ಲ. ಆ ಒಂದು ದಿನದಲ್ಲಿ ಗೌರಮ್ಮತ್ತೆಗೆ ಬೇಕಾಗಿದ್ದದ್ದು ಒಂದೇ: ಕಮಲಾಪುರದಲ್ಲಿರುವ ಅಕ್ಕ ನೀಲಮ್ಮನನ್ನು ನೋಡುವುದು. ನೀಲಮ್ಮತ್ತೆ ಆ ಮಳೆಗಾಲದಲ್ಲಿ ಬಾಳೆಯ ತೋಟದಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ತಾನಾಗಿ ಬರುವ ಹಾಗಿರಲಿಲ್ಲ.

ಹೋಗಿ ನೋಡಿಕೊಂಡು ಬಂದರಾಯಿತಲ್ಲ ಎನ್ನುವಿರಿ. ನಾನೂ ನಿಮ್ಮಷ್ಟೇ ಬುದ್ಧಿವಂತನಿದ್ದೆ. ಆದರೆ ನಡುವೆ ಒಂದು ರುಮಾಲು ಇತ್ತು. ಒಂಬತ್ತು ವರ್ಷದ ಕೆಳಗೆ ನೀಲಮ್ಮತ್ತೆಯ ಯಜಮಾನರಾದ ಕಮಲಾಪುರದ ಮಾಮಾನ ಮನೆಯ ಮದುವೆಯಲ್ಲಿ ಬೀಗರಿಗೆ ಆಯಾರ ಮಾಡುವಾಗ, ಅಂದರೆ ಬಟ್ಟೆಯ ಉಡುಗೊರೆ ಕೊಡುವಾಗ, ಸೊಲ್ಲಾಪುರದ ಮಾಮಾನ ಪಾಲಿಗೊಂದು ರುಮಾಲು ಬಂತು. ಅರಿವೆಯ ವ್ಯಾಪಾರಿಯ ಕೈ ಸುಮ್ಮನಿರಬೇಕಲ್ಲ. ತುಂಬಿದ ಹಂದರದಲ್ಲಿ ಮೊಳ ಹಾಕಿ ಅಳೆದುಬಿಟ್ಟರು. "ಎರಡು ಮೊಳ ಕಮ್ಮಿ ಅದ" ಎಂದರು. ಕೊಟ್ಟವರಿಗೆ ಅಳೆದದ್ದು ಅಪಮಾನ, ಅಳೆದವರಿಗೆ ಕಮ್ಮಿಯಾದದ್ದು ಅಪಮಾನ. ಅಂದಿನಿಂದ ಇಬ್ಬರು ಸಡ್ಡಕರೂ ಒಬ್ಬರ ಹೊಸ್ತಿಲನ್ನೊಬ್ಬರು ತುಳಿದಿರಲಿಲ್ಲ. ಗಂಡನ ಮಾನ ಹೀಗೆ ಎರಡು ಮೊಳದ ಅಂತರದಲ್ಲಿ ತೂಗಾಡುತ್ತಿರುವಾಗ ಹೆಂಡತಿಯಾದವಳು, ಅಕ್ಕನ ಮನೆಗೆ ಕರೆದೊಯ್ಯಿರಿ ಎಂದು ಬಾಯಿಬಿಡುವುದು ನಮ್ಮಲ್ಲಿ ರೂಢಿಯಲ್ಲ. ಹೋದವನು ಸೋತ ಹಾಗೆ. ಆದರೆ ಈ ಕಠೋರ ಕಾಯಿದೆಗೆ ನಮ್ಮ ಜನ ಒಂದು ಉಪಕಲಮು ಇಟ್ಟುಕೊಂಡಿದ್ದಾರೆ: ಮನೆ ದಾರಿಯಲ್ಲಿ ಬಂದರೆ ಹೋದ ಲೆಕ್ಕವಲ್ಲ.

ಅಪ್ಪ ಆ ಕಲಮಿನ ಆಸರೆಯಲ್ಲಿಯೇ ಸಂಚು ಹೂಡಿದ್ದರು. ಬೆಳಗಿನ ರೊಟ್ಟಿಗೆ ಕೂತಾಗ, ಯಾವುದೂ ಗೊತ್ತಿಲ್ಲದವರ ಹಾಗೆ, ದಿನ ಕಳೆಯಲು ಎರಡು ದಾರಿ ಇವೆ ಎಂದರು. ರೈಲಿನಲ್ಲಿ ಶಹಾಬಾದದ ಆಚೆಗೆ ಹೋಗಿ ಕಾಗಿಣಾ ನದಿಯ ಸೇತುವೆ ನೋಡಿ ಬರಬಹುದು. ಇಲ್ಲವೇ ಮೋಟಾರು ಮಾಡಿಕೊಂಡು ಹುಮನಾಬಾದ ರಸ್ತೆ ಹಿಡಿದು ಗುಡ್ಡದ ಸಾಲು, ಕೆಂಪು ಮಣ್ಣು, ಕೆಂಪು ಬಾಳೆಯ ತೋಟ ಎಲ್ಲ ನೋಡಬಹುದು. ಕಮಲಾಪುರ ಆ ರಸ್ತೆಯ ಮೇಲಿದೆ ಎಂಬುದನ್ನು ಅವರು ಹೇಳಲಿಲ್ಲ. ಎಲ್ಲರೂ ಅದೊಂದನ್ನೇ ಕೇಳಿಸಿಕೊಂಡರು. ರೈಲನ್ನು ಸಭೆಗೆ ತಂದದ್ದೇ ತಿರಸ್ಕರಿಸುವುದಕ್ಕಾಗಿ. ಗೌರಮ್ಮತ್ತೆ ತಲೆಯೆತ್ತದೆ ರೊಟ್ಟಿಗೆ ಶೇಂಗಾ ಹಿಂಡಿ ಬಡಿಸುತ್ತಿದ್ದಳು. ಮಾಮಾ ಗಂಟಲು ಸರಿಮಾಡಿಕೊಂಡು, "ರಸ್ತಾ ಛಲೋ ಅದ ಅಂತ ಕೇಳೀನಿ" ಎಂದು ಒಂದು ಹೆಜ್ಜೆ ಮುಂದೆ ಬಂದರು.

ಆಗ ನಾನು ಬಾಯಿಬಿಟ್ಟೆ.

ಓದುಗ ಮಹಾಶಯರೇ, ಅನಾಥವಾಗಿ ನಿಂತ ಪಕ್ಷವನ್ನು ಕಂಡರೆ ನನ್ನ ನಾಲಿಗೆಗೆ ಕರುಣೆ ಉಕ್ಕುತ್ತದೆ. ರೈಲಿನ ಪರವಾಗಿ ಮಾತಾಡುವವರು ಯಾರೂ ಇಲ್ಲವೆಂಬುದೇ ನನಗೆ ಸಾಕಾಯಿತು. ರೈಲಿನ ವೇಗ, ನೆರಳು, ನಿಯತವಾದ ವೇಳೆ, ಸೇತುವೆಯ ಕಮಾನುಗಳ ಕೆಳಗೆ ಹರಿವ ನೀರಿನ ರಮಣೀಯತೆ ಇವೆಲ್ಲವನ್ನೂ, ಆ ಸೇತುವೆಯನ್ನು ಒಮ್ಮೆಯೂ ಕಿಟಕಿಯಿಂದ ಸರಿಯಾಗಿ ನೋಡಿರದ ನಾನು, ಕಣ್ಣಿಗೆ ಕಟ್ಟುವಂತೆ ವರ್ಣಿಸಿದೆ. ರಸ್ತೆಯ ಧೂಳನ್ನು ಎಬ್ಬಿಸಿದೆ; ತಗ್ಗುಗಳಲ್ಲಿ ಎಲ್ಲರ ಎಲುಬುಗಳನ್ನೂ ಕುಲುಕಿದೆ. ಕೊನೆಗೆ ಪದಕ ಗೆದ್ದ ದಿನದ ಭಂಗಿಯಲ್ಲಿ ಬಲಗೈ ಎತ್ತಿ, "ಇಷ್ಟಕ್ಕೂ ಕಮಲಾಪುರ ಯಾರ ದಾರ್ಯಾಗ ಅದ ಹೇಳ್ರಿ? ಹುಮನಾಬಾದಕ್ಕ ಹೋಗೋರಿಗೆ ಅದ. ನಮಗ ಹುಮನಾಬಾದದಾಗ ಏನು ಕೆಲಸ? ಅಲ್ಲಿಗೆ ಹೋಗ್ಬೇಕಂದ್ರ ಅಲ್ಲಿಗೇ ಅಂತ ಹೋಗ್ಬೇಕು" ಎಂದೆ.

ಯಾರೂ ಆಡದೆ ಒಂಬತ್ತು ವರ್ಷ ಕಾಪಾಡಿದ್ದ ಊರಿನ ಹೆಸರನ್ನು ನಾನು ರೊಟ್ಟಿಯ ಬುಟ್ಟಿಯ ಪಕ್ಕದಲ್ಲಿ ಇಟ್ಟಿದ್ದೆ. ಮಾಮಾನ ಮುಖ ಗಟ್ಟಿಯಾಯಿತು. "ವಕೀಲಸಾಬ್ ಹೇಳೋದು ಖರೆ ಅದ," ಎಂದರು. "ನಾ ಯಾಕ ಅಲ್ಲಿಗೆ ಹೋಗ್ಲಿ? ರೈಲಿಗೇ ಹೋಗೂಣು." ಗೌರಮ್ಮತ್ತೆಯ ಕೈಯ ಚಮಚೆ ಒಂದು ಕ್ಷಣ ನಿಂತು, ಮತ್ತೆ ಹಿಂಡಿ ಬಡಿಸಿತು. ನಾನು ಗೆದ್ದಿದ್ದೆ. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಒಲೆಯ ಮುಂದಿನಿಂದ ಆಯಿ ನನ್ನನ್ನು ಕರೆದಳು. ಆಯಿ ಎಂದರೆ ಅಪ್ಪನ ತಾಯಿ, ಆ ಅಕ್ಕತಂಗಿಯರ ಹಡೆದವ್ವ. ಬಡಿಯುತ್ತಿದ್ದ ರೊಟ್ಟಿಯ ಮೇಲಿನಿಂದ ಕಣ್ಣು ತೆಗೆಯದೆ ಹೇಳಿದಳು: "ಮಾತು ಕಲಿಸ್ಲಿಕ್ಕ ನಿನ್ನ ಹೈದರಾಬಾದ ತನಕ ಕಳಿಸೀವಿ. ಸುಮ್ಮನ ಕೂಡೋದು ಮನ್ಯಾಗೇ ಕಲಿಸ್ಬೇಕಾಗಿತ್ತು."

"ನಾ ಹೇಳಿದ್ದು ಸುಳ್ಳೇನು, ಆಯಿ?"

"ಸುಳ್ಳಾಗಿದ್ರ ಛಲೋ ಇತ್ತಪಾ. ಆ ಹುಡುಗಿ ಅಕ್ಕನ ಸಲುವಾಗಿ ಸೊಲ್ಲಾಪುರದಿಂದ ಕುಬಸದ ಖಣ ತಂದಾಳ. ರಾತ್ರಿ ಗಾಡ್ಯಾಗ ಪೆಟಗಿ ಒಳಗಿಡದ ತೊಡಿ ಮ್ಯಾಲೇ ಇಟ್ಕೊಂಡು ಬಂದಾಳ. ಈಗ ಅದನ್ನ ಸೇತುವೆಗೆ ಉಡಸ್ಲೇನು?"

ನಡುಮನೆಯ ಬಾಗಿಲಿನಿಂದ ನೋಡಿದೆ. ಗೌರಮ್ಮತ್ತೆ ಒಂದು ಸಣ್ಣ ಗಂಟನ್ನು ತೊಡೆಯಿಂದ ತೆಗೆದು, ರಂಗೂನಿಗೆ ಹೋಗಬೇಕಾದ ಪೆಟ್ಟಿಗೆಯ ತಳಕ್ಕೆ ಸೇರಿಸುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ, ಕಣ್ಣೀರು ವಾದವಲ್ಲ ಎಂದು ಹೇಳಲು ನನಗೊಂದು ಅವಕಾಶವಾದರೂ ಸಿಗುತ್ತಿತ್ತು.

ಯಾವ ಪಕ್ಷ ಕೊಟ್ಟರೂ ಗೆಲ್ಲುವವನಲ್ಲವೇ ನಾನು? ಪಕ್ಷ ಬದಲಿಸಿ ಮಾಮಾನ ಮುಂದೆ ಕೂತೆ. ರಸ್ತೆಯ ಸೊಬಗನ್ನು ಎತ್ತಿಕೊಂಡೆ. ದುರ್ದೈವಕ್ಕೆ ನನ್ನ ಎದುರಾಳಿ ಈಗ ನಾನೇ ಆಗಿದ್ದೆ, ಅದೂ ಮಾಮಾನ ಬಾಯಲ್ಲಿ. "ಧೂಳು ಅಂತ ನೀನೇ ಅಂದಿ. ಎಲುಬು ಕುಲಕ್ತದ ಅಂತ ನೀನೇ ಅಂದಿ. ತಾಸಿನ್ಯಾಗ ಧೂಳು ಕೂತು, ತಗ್ಗು ಮುಚ್ಚಿದ್ವೇನು?" ಎಂದರು. ಹೇಳುವಾಗ ಅವರ ಕಣ್ಣು ಮಾತ್ರ ನನ್ನ ಮುಖವನ್ನು ತಡಕುತ್ತಿತ್ತು. ತಾವು ಕಟ್ಟುತ್ತಿದ್ದ ವಾದವನ್ನು ಯಾರಾದರೂ ಕೆಡವಲಿ ಎಂದು ಇಷ್ಟು ದೈನ್ಯದಿಂದ ಕಾಯುವ ಪ್ರತಿವಾದಿಯನ್ನು ನಾನು ಹೈದರಾಬಾದಿನಲ್ಲಿ ನೋಡಿರಲಿಲ್ಲ.

ಆಗ ನನಗೆ ಹೊಳೆಯಿತು. ಕಮಲಾಪುರವನ್ನು ದಾರಿಗೆ ತರಬೇಕಾದರೆ ಅದರ ಆಚೆಗೆ ಏನಾದರೂ ಇರಬೇಕು. ಇರದಿದ್ದರೆ ಇಡಬೇಕು.

"ಮಾಮಾ, ಕಮಲಾಪುರ ಬಿಡ್ರಿ," ಎಂದೆ. "ಅದರ ಆಚಿಗಿ, ಹುಮನಾಬಾದ ರಸ್ತಾದ ಬಾಜೂಕ, ಒಂದು ಹಳೀ ಶಾಸನ ಅದ ಅಂತ. ಕಲ್ಲಿನ ಮ್ಯಾಲೆ ಬರದದ್ದು. ಈವರೆಗೂ ಯಾರೂ ಓದಿಲ್ಲ. ನನಗ ಕಾಲೇಜಿನಾಗ ಅದರ ಬಗ್ಗೆ ಮಾತಾಡೋದದ. ನೀವು ಹಿರಿಯರು ಕೂಡ ಬಂದ್ರ..."

ಯಾವ ಶತಮಾನದ್ದು, ಯಾರು ಕಂಡದ್ದು, ಯಾರೂ ಓದಿರದಿದ್ದರೆ ಇರುವುದು ನಿನಗೆ ಹೇಗೆ ಗೊತ್ತು ಎಂದು ಮೂರು ಪ್ರಶ್ನೆ ಕೇಳಿದ್ದರೆ ಶಾಸನ ಅಲ್ಲಿಯೇ ಪುಡಿಯಾಗುತ್ತಿತ್ತು. ಇನ್ನೊಬ್ಬರ ಬಾಯಿಂದ ಇಂಥ ಶಾಸನ ಹೊರಟಿದ್ದರೆ ನಾನು ಮೂವತ್ತು ಕೇಳುತ್ತಿದ್ದೆ. ಆದರೆ ನೂಲಿನ ಎಳೆ ಎಣಿಸದೆ ಅರಿವೆ ಕೊಳ್ಳದ ಮಾಮಾ ಒಂದೂ ಕೇಳಲಿಲ್ಲ. ತಟ್ಟನೆ ಎದ್ದು ಕೋಟಿಗೆ ಕೈಹಾಕಿದರು. "ಶಾಸನ ಅಂದ ಮ್ಯಾಲೆ ನೋಡಬೇಕಾಗ್ತದ. ವಿದ್ಯಾದ ಮಾತು. ಏ ಇವಳ, ನೀನೂ ಬಾ." ಅಪ್ಪ ಆಗಲೇ ಮೋಟಾರು ಕರೆತರಲು ಗಲ್ಲಿಯ ಬಾಯಿ ತಲುಪಿದ್ದರು.

ತಾಜಸುಲ್ತಾನಪುರ ದಾಟಿದ ಮೇಲೆ ರಸ್ತೆ ನಾನು ವರ್ಣಿಸಿದ್ದಕ್ಕಿಂತಲೂ ಕೆಟ್ಟದಾಗಿತ್ತು. ನನ್ನ ಪೂರ್ವಪಕ್ಷ ಅಷ್ಟರಮಟ್ಟಿಗೆ ಸತ್ಯವಾಯಿತು. ಧೂಳಿನಲ್ಲಿ ಎಲ್ಲರೂ ಒಂದೇ ಬಣ್ಣವಾದೆವು. ಗುಡ್ಡ, ಹಸಿರು, ಮಣ್ಣಿನ ಕೆಂಪು ಯಾವುದನ್ನೂ ಯಾರೂ ನೋಡಲಿಲ್ಲ. ಗೌರಮ್ಮತ್ತೆ ಗಂಟನ್ನು ಮತ್ತೆ ತೊಡೆಗೆ ತಂದುಕೊಂಡು ಎರಡೂ ಕೈಯಿಂದ ಹಿಡಿದಿದ್ದಳು. ಕಮಲಾಪುರದ ಮೊದಲ ಮನೆಗಳು ಕಂಡಾಗ ಮಾಮಾ ಡ್ರೈವರನಿಗೆ ಕೂಗಿ ಹೇಳಿದರು: "ಏ ಭಾಯಿ, ಗಾಡಿಗಿ ನೀರು ಹಾಕಬೇಕಾಗ್ಯಾದ ಕಾಣ್ತದ."

"ನೈ ಸಾಬ್," ಎಂದ ಆ ಪುಣ್ಯಾತ್ಮ. "ಪಾನೀ ಭರಪೂರ ಹೈ."

ಹೀಗೆ ಮುಂದಿನ ಸೀಟಿನಲ್ಲಿ ನನ್ನಂಥ ಇನ್ನೊಬ್ಬ ಸತ್ಯಸಂಧ ಕೂತಿದ್ದ. ಅವನ ಸೀಟಿಗೆ ನನ್ನ ಮೊಣಕಾಲಿನಿಂದ ಎಷ್ಟು ಜೋರಾಗಿ ತಿವಿದೆನೆಂದರೆ, ಆ ತಿವಿತದಲ್ಲಿ ನನ್ನ ಬೆಳಗಿನ ಭಾಷಣಕ್ಕೆ ಸಲ್ಲಬೇಕಾದದ್ದೂ ಸೇರಿತ್ತು. ಅವನು ನನ್ನಷ್ಟು ಓದಿದವನಲ್ಲವಾದ್ದರಿಂದ ಕೂಡಲೇ ಅರ್ಥಮಾಡಿಕೊಂಡ. "ಹಾಂ ಸಾಬ್, ಜರಾ ಗರಮ್ ಹುವಾ ದಿಸ್ತಾ" ಎಂದು, ಅಪ್ಪ ಹೊರಡುವಾಗಲೇ ಗುರುತು ಹೇಳಿದ್ದ ಮನೆಯ ಮುಂದೆ, ಕೇಳದೆಯೇ, ನಿಲ್ಲಿಸಿದ.

ಗೌರಮ್ಮತ್ತೆ ಯಾರಿಗೂ ಕಾಯಲಿಲ್ಲ, ಒಳಗೆ ಹೋದಳು. ಒಳಗಿನಿಂದ ಎರಡು ದನಿಗಳು ಒಮ್ಮೆಲೇ ಎದ್ದು, ಒಮ್ಮೆಲೇ ಅಡಗಿದವು. ಹೊರಗೆ ಕಟ್ಟೆಯ ಮೇಲೆ ಇಬ್ಬರು ಸಡ್ಡಕರು ಮೋಟಾರಿನ ಬಾಯಿಗೆ ನೀರು ಹೊಯ್ಯುವುದನ್ನು ಜಗತ್ತಿನ ಏಕೈಕ ವಿಸ್ಮಯವೆಂಬಂತೆ ನೋಡುತ್ತ ನಿಂತರು. ಮೊದಲೇ ತುಂಬಿದ್ದ ಆ ಬಾಯಿಂದ ನೀರು ಉಕ್ಕಿ ನೆಲಕ್ಕೆ ಹರಿಯುತ್ತಿತ್ತು.

"ಭಾಳ ನೀರು ಕುಡೀತದಲ್ಲ," ಎಂದರು ಕಮಲಾಪುರದ ಮಾಮಾ.

"ದೂರದಿಂದ ಬಂದದ್ದಲ್ರೀ ಅಣ್ಣಾರ," ಎಂದರು ಸೊಲ್ಲಾಪುರದ ಮಾಮಾ.

ಒಂಬತ್ತು ವರ್ಷದ ಮೌನ ಮುರಿದದ್ದು ಇಷ್ಟೇ ಮಾತಿನಲ್ಲಿ. ಶಾಸನ ನೋಡಲು ಹೊರಟವರೆಂದು ಹೇಳಿಕೊಂಡು ಉಂಡೆವು. ಹೊರಡುವಾಗ ನೀಲಮ್ಮತ್ತೆ, ದಿಂಬಿಗೆ ಒರಗಿಕೊಂಡೇ, ತಂಗಿ ತಂದ ಕುಬಸ ಮಡಿಲಲ್ಲಿಟ್ಟುಕೊಂಡು, ತಂಗಿಗೆ ಉಡಿ ತುಂಬಿದಳು. ಕಮಲಾಪುರದ ಮಾಮಾ ಕಡಲು ದಾಟುವವರಿಗೆಂದು ತಾಟಿನಲ್ಲಿ ಒಂದು ರುಮಾಲು ತಂದಿಟ್ಟರು. ಸೊಲ್ಲಾಪುರದ ಮಾಮಾನ ಎಡಗೈ ರುಮಾಲಿನ ತುದಿ ಹಿಡಿಯಿತು. ಬಲಗೈ, ಮೂವತ್ತು ವರ್ಷದ ರೂಢಿ, ಮೊಣಕೈಯ ಕಡೆಗೆ ಹೊರಟಿತು. ಅಲ್ಲಿಯೇ ನಿಂತಿತು. ಅಳೆಯಲಿಲ್ಲ. ಹಾಗೆಯೇ ತಲೆಗೆ ಸುತ್ತಿಕೊಂಡರು.

"ಸಾಕಾಯ್ತೇನು?" ಎಂದು ಕೇಳಿದರು ಕೊಟ್ಟವರು.

"ಹೆಚ್ಚೇ ಆತ್ರಿ. ಆವಾಗ ನನ್ನ ತಲೀ ಭಾಳ ದೊಡ್ಡದಿತ್ತು."

ಅಲ್ಲಿಂದ ಮೋಟಾರು ಹುಮನಾಬಾದದ ಕಡೆ ಹೋಗಲಿಲ್ಲ. ನೇರ ಕಲಬುರ್ಗಿಯ ಕಡೆ ತಿರುಗಿತು. ಶಾಸನದ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಗಾಡಿ ಅಲುಗುವ ಹೊತ್ತಿಗೆ ಮಾತ್ರ ಮಾಮಾ ಕಿಟಕಿಯಿಂದ ಬಗ್ಗಿ, "ವಕೀಲಸಾಬ್, ಆ ಶಾಸನ ಓದಿದ ಮ್ಯಾಲೆ ನನಗೂ ಬರದು ತಿಳಸು" ಎಂದರು. ಗೌರಮ್ಮತ್ತೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಪ್ರಮಾಣವಿಲ್ಲದೆ ನಾನು ಸ್ಥಾಪಿಸಿದ ಆ ಕಲ್ಲು ಸುಳ್ಳೆಂಬುದು ಎಲ್ಲರಿಗೂ ಮೊದಲೇ ಗೊತ್ತಿತ್ತು.

ಇದೆಲ್ಲ ಆಗಿ ಆರು ತಿಂಗಳಾದ ಮೇಲೆ, ಇನ್ನೊಂದು ರಜೆಯಲ್ಲಿ, ನಾನು ಕಟ್ಟೆಯ ಮೇಲೆ ಕೂತಿದ್ದೆ. ಗಲ್ಲಿಯ ಬಾಯಿಂದ ಕಮಲಾಪುರದ ಮಾಮಾ ಬಂದರು, ಹೆಗಲ ಮೇಲೆ ಕೆಂಪು ಬಾಳೆಯ ಗೊನೆ. ಇಷ್ಟು ದೂರ, ಆ ರಸ್ತೆಯಲ್ಲಿ, ಆ ಭಾರ ಹೊತ್ತು ಬಂದವರು ಗೊನೆ ಇಳಿಸಿ, ರುಮಾಲು ತೆಗೆದು ಬೆವರೊರೆಸಿಕೊಂಡು ಹೇಳಿದರು: "ಹೀಂಗ ಹೊಂಟಿದ್ದೆ. ದಾರ್ಯಾಗ ಮನಿ ಬಂತು."

"ಛಲೋ ಆತ್ರಿ ಮಾಮಾ," ಎಂದೆ.

"ರಂಗೂನಿಂದ ಕಾಗದ ಬಂದದೇನು?"

"ಬಂದದ್ರಿ. ಓದ್ತೀನಿ, ಕೂಡ್ರಿ."

ಕೂತರು. ರುಮಾಲು ಮಡಿಸಿಟ್ಟು, "ಆ ಶಾಸನ ಸಿಕ್ತೇನು?" ಎಂದರು.

"ಇಲ್ರಿ. ಇನ್ನೂ ಹುಡಕಾಕತ್ತೀನಿ."

"ಹುಡುಕ್ತಿರಪಾ. ಲಗೂನ ಸಿಗೂದು ಬ್ಯಾಡ. ನಿಮ್ಮತ್ತಿ ದಾರಿ ನೋಡ್ತಿರ್ತಾಳ."

ಕಾಗದ ತರಲು ಎದ್ದವನು ಅಭ್ಯಾಸಬಲದಿಂದ ಆ ಕಡೆ ನೋಡಿದೆ. ಹತ್ತು ಹೆಜ್ಜೆಯಾಚೆ ಗೋಡೆ ಇದ್ದಲ್ಲಿಯೇ ಇತ್ತು. ಅದನ್ನು ಮಾಮಾನ ಕಣ್ಣಿಗೆ ಬೀಳಿಸುವುದು ಬೇಡವೆಂದು, ನಾನು ಕೊಂಚ ಸರಿದು ಅಡ್ಡ ನಿಂತೆ.